ಶೈಲಿಗೆ ಒಡೆತನವುಂಟೆ? ಗೌರವಾನುಕರಣೆ ಮತ್ತು ಕೃತಿಸ್ವಾಮ್ಯದ ವ್ಯಾಜ್ಯಗಳು

ಕಲಾವಿದರೊಬ್ಬರ ಮೇಲಿನ ಅಭಿಮಾನದಿಂದ ಅವರ ಶೈಲಿಯನ್ನು ಬೇಕೆಂದೇ ಅನುಸರಿಸಿ, ಆ ಅನುಸರಣೆಯನ್ನು ಮುಚ್ಚಿಡದೆ ರಚಿಸಿದ ಕೃತಿಯನ್ನು ಗೌರವಾನುಕರಣೆ ಎಂದು ಕರೆಯಬಹುದು. ಇಂಥ ಕೃತಿಯನ್ನು ಕಾನೂನು ಹೇಗೆ ಕಾಣಬೇಕೆಂಬ ಪ್ರಶ್ನೆಗೆ ಪಠ್ಯಪುಸ್ತಕಗಳಲ್ಲಿ ಸಿಗುವ ಉತ್ತರ ಚಿಕ್ಕದು: ಕೃತಿಸ್ವಾಮ್ಯವಿರುವುದು ಕೃತಿಗೆ, ಶೈಲಿಗಲ್ಲ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ 13ನೆಯ ಸೆಕ್ಷನ್ ಸ್ವಂತಿಕೆಯುಳ್ಳ ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳನ್ನೂ ಚಲನಚಿತ್ರ, ಧ್ವನಿಮುದ್ರಣಗಳನ್ನೂ ಹೆಸರಿಸುತ್ತದೆ. ಬಾಣಿ, ಘರಾನಾ, ತಿಟ್ಟು, ಕುಂಚದ ವರಸೆ ಇವಾವುವೂ ಆ ಪಟ್ಟಿಯಲ್ಲಿಲ್ಲ. ಆದರೂ ಕಳೆದ ನಾಲ್ಕು ದಶಕಗಳಲ್ಲಿ ನ್ಯಾಯಾಲಯಗಳ ಮೆಟ್ಟಿಲೇರಿದ ವ್ಯಾಜ್ಯಗಳನ್ನು ಸಾಲಾಗಿಟ್ಟು ನೋಡಿದರೆ, ಈ ನಿಯಮ ಹೇಳುವುದಕ್ಕೆ ಎಷ್ಟು ಸುಲಭವೋ ಅನ್ವಯಿಸುವುದಕ್ಕೆ ಅಷ್ಟೇ ಕಷ್ಟವೆಂಬುದೂ, ಮಾದರಿಯನ್ನು ಮರೆಮಾಚಿದವರಿಗಿಂತ ಅದರ ಹೆಸರನ್ನು ಪ್ರಾಮಾಣಿಕವಾಗಿ ಹೇಳಿದವರೇ ಹೆಚ್ಚು ತೊಂದರೆಗೆ ಸಿಕ್ಕಿಬಿದ್ದಿರುವುದೂ ಕಂಡುಬರುತ್ತದೆ.

ಹೋಲಿಕೆಯ ಪ್ರಶ್ನೆ ಭಾರತಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ ಕವಿಗಳ ನಡುವಣ ಸಂವಾದವನ್ನು, ಅಂದರೆ ಒಬ್ಬನ ಮಾತಿಗೆ ಇನ್ನೊಬ್ಬನ ಮಾತು ಹೊಂದಿಬರುವುದನ್ನು, ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಕನ್ನಡಿಯೊಳಗಿನ ಪ್ರತಿಬಿಂಬದಂಥ ಹೋಲಿಕೆಗೆ ತನ್ನದೇ ಆದ ಜೀವವಿಲ್ಲ, ಚಿತ್ರಪಟದಂಥ ಹೋಲಿಕೆಗೆ ಇರುವ ಜೀವ ತೀರ ಅಲ್ಪ, ಆದ್ದರಿಂದ ಇವೆರಡನ್ನೂ ಕವಿ ಬಿಡಬೇಕು. ಇಬ್ಬರು ಮನುಷ್ಯರ ಮೈಕಟ್ಟು ಒಂದೇ ತೆರನಾಗಿದ್ದರೂ ಅವರು ಬೇರೆ ಬೇರೆ ವ್ಯಕ್ತಿಗಳಾಗಿರುವಂಥ ಮೂರನೆಯ ಬಗೆಯ ಹೋಲಿಕೆಯನ್ನು ಮಾತ್ರ ಬಿಡಬೇಕಾಗಿಲ್ಲ ಎಂಬುದು ಅವನ ನಿಲುವು. ಆನಂದವರ್ಧನ ಆಲೋಚಿಸಿದ್ದು ಕಾವ್ಯದ ಹಿರಿಮೆಯ ಬಗ್ಗೆಯೇ ಹೊರತು ಪರಿಹಾರಧನದ ಬಗ್ಗೆ ಅಲ್ಲ ಎಂಬುದು ನಿಜವಾದರೂ, ಈ ವಿಂಗಡಣೆ ಇಂದಿನ ಅನೇಕ ತೀರ್ಪುಗಳಿಗಿಂತ ಖಚಿತವಾಗಿದೆ. ಕನ್ನಡದ ಪ್ರಾಚೀನ ಕವಿಗಳು ಕಾವ್ಯದ ಆರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸುತ್ತಿದ್ದ ಪದ್ಧತಿಯೂ ಇದೇ ಲೋಕಕ್ಕೆ ಸೇರಿದ್ದು. ಅಲ್ಲಿ ಹಿರಿಯರ ಹೆಸರು ಹೇಳುವುದು ಋಣದ ಅಂಗೀಕಾರವಾಗಿತ್ತು, ತಪ್ಪೊಪ್ಪಿಗೆಯಾಗಿರಲಿಲ್ಲ. ಯಕ್ಷಗಾನದ ಬಡಗುತಿಟ್ಟಿನಲ್ಲಿ ಜಿ.ಆರ್. ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡ ಮೇಲೂ ಅವರ ಹಾಡುಗಾರಿಕೆಯ ಧಾಟಿಯನ್ನು ಅನುಸರಿಸುವ ಭಾಗವತರಿದ್ದಾರೆ. ಅದು ನಾವಡರ ಶೈಲಿಯೆಂದು ಪ್ರೇಕ್ಷಕರೂ ಗುರುತಿಸಿ ಸಂತೋಷಪಡುತ್ತಾರೆ.

ಆಧುನಿಕ ಭಾರತೀಯ ಕಾನೂನಿನಲ್ಲಿ ಚರ್ಚೆ ಶುರುವಾಗುವುದು ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಕೊಟ್ಟ ಆರ್.ಜಿ. ಆನಂದ್ ತೀರ್ಪಿನಿಂದ. ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನು ಕದ್ದು 1956ರ ‘ನ್ಯೂ ಡೆಲ್ಲಿ’ ಚಿತ್ರವನ್ನು ತಯಾರಿಸಲಾಗಿದೆ ಎಂಬುದು ನಾಟಕಕಾರರ ದೂರಾಗಿತ್ತು. ಎರಡರಲ್ಲೂ ಪ್ರಾಂತಾಭಿಮಾನವೇ ವಸ್ತು, ಎರಡರಲ್ಲೂ ಪಂಜಾಬಿ ಮತ್ತು ಮದ್ರಾಸಿ ಕುಟುಂಬಗಳ ಮಕ್ಕಳ ಪ್ರೇಮವಿದೆ. ವಿಚಾರ, ವಸ್ತು, ಚಾರಿತ್ರಿಕ ಸಂಗತಿ ಇವುಗಳಲ್ಲಿ ಯಾರಿಗೂ ಸ್ವಾಮ್ಯವಿಲ್ಲ, ಸ್ವಾಮ್ಯವಿರುವುದು ಅವುಗಳಿಗೆ ಕೊಟ್ಟ ರೂಪಕ್ಕೆ ಮತ್ತು ಜೋಡಣೆಗೆ ಮಾತ್ರ ಎಂದ ನ್ಯಾಯಾಲಯ, ಎರಡನ್ನೂ ನೋಡಿದವನ ಮನಸ್ಸಿನಲ್ಲಿ ಎರಡನೆಯದು ಮೊದಲನೆಯದರ ನಕಲೆಂಬ ಭಾವನೆ ನಿಸ್ಸಂದೇಹವಾಗಿ ಮೂಡುತ್ತದೆಯೇ ಎಂಬುದನ್ನು ಒರೆಗಲ್ಲಾಗಿ ಇಟ್ಟುಕೊಂಡು ನಾಟಕಕಾರರ ಮೇಲ್ಮನವಿಯನ್ನು ವಜಾ ಮಾಡಿತು. ಆದರೆ ಶೈಲಿಯೆಂಬುದು ವಿಚಾರದ ಕಡೆಗೆ ಸೇರುತ್ತದೆಯೋ ರೂಪದ ಕಡೆಗೋ ಎಂಬುದು ಅಲ್ಲಿ ಇತ್ಯರ್ಥವಾಗಲಿಲ್ಲ. ಗೌರವಾನುಕರಣೆಯ ವ್ಯಾಜ್ಯಗಳೆಲ್ಲ ಹುಟ್ಟುವುದು ಈ ತೆರಪಿನಲ್ಲೇ.

ಅಮೆರಿಕದ ಚಿತ್ರಕಾರ ಸಾಲ್ ಸ್ಟೈನ್‌ಬರ್ಗ್ ಹೂಡಿದ ದಾವೆಯಲ್ಲಿ ಈ ತೆರಪು ಸ್ಪಷ್ಟವಾಗಿ ಕಾಣುತ್ತದೆ. 1976ರ ಮಾರ್ಚ್ ತಿಂಗಳ ‘ನ್ಯೂಯಾರ್ಕರ್’ ಪತ್ರಿಕೆಯ ಮುಖಪುಟಕ್ಕೆ ಅವರು ಬರೆದ ಚಿತ್ರದಲ್ಲಿ ಮ್ಯಾನ್‌ಹಟನ್ನಿನ ಕೆಲವು ಬೀದಿಗಳು ಕಿಟಕಿ, ಕಾರು, ಛಾವಣಿಯ ನೀರಿನ ತೊಟ್ಟಿಗಳ ಸಮೇತ ವಿವರವಾಗಿದ್ದು, ಹಡ್ಸನ್ ನದಿಯಾಚೆಯ ಇಡೀ ಜಗತ್ತು ಒಂದು ಸಣ್ಣ ಪಟ್ಟಿಯಾಗಿ ಕುಗ್ಗಿಹೋಗಿದೆ. ಕೊಲಂಬಿಯಾ ಪಿಕ್ಚರ್ಸ್ ಸಂಸ್ಥೆ 1984ರಲ್ಲಿ ‘ಮಾಸ್ಕೋ ಆನ್ ದ ಹಡ್ಸನ್’ ಚಿತ್ರಕ್ಕೆ ಮಾಡಿಸಿದ ಭಿತ್ತಿಪತ್ರದಲ್ಲಿ ಬೀದಿಗಳು ಬೇರೆ, ದಿಕ್ಕೂ ಬೇರೆ. ನೋಟ ಪೂರ್ವಕ್ಕೆ ತಿರುಗಿ ಅಟ್ಲಾಂಟಿಕ್ ದಾಟಿ ಮಾಸ್ಕೋವಿನ ಕಡೆಗೆ ಹೋಗುತ್ತದೆ. ಸ್ಟೈನ್‌ಬರ್ಗರ ಚಿತ್ರವನ್ನು ಮುಂದಿಟ್ಟುಕೊಂಡೇ ಭಿತ್ತಿಪತ್ರ ಮಾಡಿದ್ದೆಂದು ಸಂಸ್ಥೆಯ ಕಲಾ ನಿರ್ದೇಶಕರೂ ಚಿತ್ರಕಾರರೂ ಒಪ್ಪಿಕೊಂಡಿದ್ದರು. ನಗರವೊಂದರ ಕಣ್ಣಿಗೆ ಜಗತ್ತು ಚಿಕ್ಕದಾಗಿ ಕಾಣುವುದೆಂಬ ಕಲ್ಪನೆ ಯಾರ ಸ್ವತ್ತೂ ಅಲ್ಲವೆಂದು 1987ರ ತೀರ್ಪು ಒಪ್ಪುತ್ತದೆ. ಆದರೆ ಅದರ ಜೊತೆಗೇ ಶೈಲಿಯು ಅಭಿವ್ಯಕ್ತಿಯ ಒಂದು ಘಟಕವೆಂದು ಹೇಳಿ, ಅಕ್ಷರಗಳ ಚೂಪು ಬರವಣಿಗೆ, ಮೇಲ್ಭಾಗದ ನೀಲಿ ಪಟ್ಟಿ, ಕಟ್ಟಡಗಳ ಅಲಂಕಾರ ಇವೆಲ್ಲ ಒಟ್ಟಾಗಿ ಹೊಂದಿಬಂದಿರುವುದನ್ನು ಎಣಿಸಿ ತೋರಿಸಿ, ಉಲ್ಲಂಘನೆ ನಡೆದಿದೆಯೆಂದು ತೀರ್ಮಾನಿಸುತ್ತದೆ. ಭಿತ್ತಿಪತ್ರ ಸ್ಟೈನ್‌ಬರ್ಗರ ಚಿತ್ರವನ್ನು ಅಣಕಿಸುತ್ತಿರಲಿಲ್ಲವಾದ್ದರಿಂದ ಅಣಕದ ಸಮರ್ಥನೆಯೂ ನಿಲ್ಲಲಿಲ್ಲ. ಒಬ್ಬ ಕಲಾವಿದನ ಶೈಲಿ ಅವನ ಒಂದೇ ಒಂದು ಪ್ರಸಿದ್ಧ ಕೃತಿಯೊಂದಿಗೆ ಬಿಡಿಸಲಾಗದಂತೆ ಬೆಸೆದುಕೊಂಡಾಗ ಮುಂಬಾಗಿಲಲ್ಲಿ ಪ್ರವೇಶ ಸಿಗದ ಶೈಲಿಗೆ ಹಿಂಬಾಗಿಲಿನಿಂದ ರಕ್ಷಣೆ ದೊರೆಯುತ್ತದೆ ಎಂಬುದನ್ನು ಈ ತೀರ್ಪು ತೋರಿಸಿತು. ಇಲ್ಲಿನ ಫಲಿತಾಂಶ ಸರಿಯೆಂದೇ ಹೇಳಬೇಕು, ಏಕೆಂದರೆ ಭಿತ್ತಿಪತ್ರದಲ್ಲಿ ಎದ್ದು ಕಾಣುವುದು ಒಂದು ನಿರ್ದಿಷ್ಟ ಚಿತ್ರವೇ ಹೊರತು ಸ್ಟೈನ್‌ಬರ್ಗರ ಒಟ್ಟು ಕೈಬರಹವಲ್ಲ.

ಸಂಗೀತದಲ್ಲಿ ಈ ಎಚ್ಚರ ಉಳಿಯಲಿಲ್ಲ. ರಾಬಿನ್ ತಿಕ್ ಮತ್ತು ಫ್ಯಾರೆಲ್ ವಿಲಿಯಮ್ಸ್ ಅವರ 2013ರ ‘ಬ್ಲರ್ಡ್ ಲೈನ್ಸ್’ ಹಾಡು ಮಾರ್ವಿನ್ ಗೇ ಅವರ 1977ರ ‘ಗಾಟ್ ಟು ಗಿವ್ ಇಟ್ ಅಪ್’ ಹಾಡಿನ ಉತ್ಸಾಹವನ್ನು ಮತ್ತೆ ತರುವ ಪ್ರಯತ್ನವೆಂದು ತಿಕ್ ಸಂದರ್ಶನಗಳಲ್ಲಿ ಮೆಚ್ಚುಗೆಯಿಂದಲೇ ಹೇಳಿಕೊಂಡಿದ್ದರು. ಗೇ ಅವರ ವಾರಸುದಾರರು ಆಕ್ಷೇಪವೆತ್ತಿದ ಮೇಲೆ ಆ ಮಾತುಗಳೇ ನ್ಯಾಯಾಲಯದಲ್ಲಿ ಸಾಕ್ಷ್ಯವಾದವು. ವಿಚಿತ್ರವೆಂದರೆ, ಹಳೆಯ ಕಾನೂನಿನ ಪ್ರಕಾರ ಗೇ ಅವರ ಹಾಡಿನಲ್ಲಿ ರಕ್ಷಣೆಯಿದ್ದದ್ದು ನೋಂದಣಿಗೆ ಸಲ್ಲಿಸಿದ್ದ ಸ್ವರಲಿಪಿಗೆ ಮಾತ್ರ. ಜನರ ಕಿವಿಗೆ ಎರಡು ಹಾಡುಗಳನ್ನೂ ಹತ್ತಿರ ತರುತ್ತಿದ್ದ ಗಂಟೆಯ ತಾಳ, ಹಿನ್ನೆಲೆಯಲ್ಲಿ ಕೇಳುವ ಪಾರ್ಟಿಯ ಗದ್ದಲ, ಏರುದನಿಯ ಹಾಡುಗಾರಿಕೆ ಇವೆಲ್ಲ ಧ್ವನಿಮುದ್ರಣಕ್ಕೆ ಸೇರಿದ ಅಂಶಗಳು. ಆದರೂ 2015ರ ಮಾರ್ಚ್‌ನಲ್ಲಿ ಜ್ಯೂರಿ ಗೇ ಕುಟುಂಬಕ್ಕೆ ಸುಮಾರು 74 ಲಕ್ಷ ಡಾಲರ್ ಕೊಡಿಸಿತು. ನ್ಯಾಯಾಧೀಶರು ಅದನ್ನು ಸುಮಾರು 53 ಲಕ್ಷಕ್ಕೆ ಇಳಿಸಿದರು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ಬಹುಮಟ್ಟಿಗೆ ಎತ್ತಿಹಿಡಿದಾಗ ಪೀಠದ ನ್ಯಾಯಾಧೀಶೆ ಜಾಕ್ವೆಲಿನ್ ನುಯೆನ್, ಸಂಗೀತದ ಶೈಲಿಯೊಂದಕ್ಕೆ ಯಾರೂ ಹಿಂದೆಂದೂ ಪಡೆಯದ ಸ್ವಾಮ್ಯವನ್ನು ಗೇ ಕುಟುಂಬಕ್ಕೆ ಕೊಟ್ಟಂತಾಯಿತೆಂದು ಭಿನ್ನಮತ ಬರೆದರು. ಭಿನ್ನಮತವೇ ಸರಿಯಾದ ಮತವೆಂದು ತೋರುತ್ತದೆ. ತೀರ್ಪಿನ ಪರಿಣಾಮ ಬೇಗನೆ ಕಾಣಿಸಿಕೊಂಡಿತು: ‘ಅಪ್‌ಟೌನ್ ಫಂಕ್’ ಹಾಡಿನ ರಚನಕಾರರ ಪಟ್ಟಿಗೆ 2015ರಲ್ಲಿ ಗ್ಯಾಪ್ ಬ್ಯಾಂಡ್ ತಂಡದವರ ಹೆಸರುಗಳು ಸೇರಿದವು. ಅದೇ ಮಾರ್ವಿನ್ ಗೇ ಅವರ 1973ರ ಇನ್ನೊಂದು ಹಾಡಿನ ಸಂಬಂಧವಾಗಿ ಎಡ್ ಶೀರನ್ ಮೇಲೆ ಹೂಡಿದ್ದ ದಾವೆಯಲ್ಲಿ 2023ರ ಮೇ ತಿಂಗಳ ಜ್ಯೂರಿ ಉಲ್ಲಂಘನೆಯಿಲ್ಲವೆಂದು ಹೇಳಿದ ಮೇಲೆ ಗಾಳಿ ಸ್ವಲ್ಪ ಬದಲಾದಂತಿದೆ. ಈ ಸಾಲಿನ ಅತ್ಯಂತ ತಮಾಷೆಯ ಪ್ರಕರಣ ಜಾನ್ ಫಾಗರ್ಟಿ ಅವರದು. ಅವರದೇ ಹಳೆಯ ಹಾಡಿನಂತೆ ಹೊಸ ಹಾಡು ಕೇಳುತ್ತದೆಯೆಂದು, ಹಳೆಯದರ ಹಕ್ಕು ಹೊಂದಿದ್ದ ಕಂಪನಿ ಅವರ ಮೇಲೆ ದಾವೆ ಹೂಡಿತು, 1988ರಲ್ಲಿ ಸೋತಿತು.

ಭಾರತದಲ್ಲಿ ಇದಕ್ಕೆ ಸಮಾನವಾದ ವ್ಯಾಜ್ಯ ಧ್ರುಪದ ಸಂಗೀತದಿಂದ ಬಂದಿದೆ. ‘ಪೊನ್ನಿಯಿನ್ ಸೆಲ್ವನ್ 2’ ಚಿತ್ರದಲ್ಲಿ ಎ.ಆರ್. ರೆಹಮಾನ್ ಸಂಯೋಜಿಸಿದ ‘ವೀರ ರಾಜ ವೀರ’ ಹಾಡಿಗೆ, ಅದು ಡಾಗರವಾಣಿ ಸಂಪ್ರದಾಯದ ಧ್ರುಪದವನ್ನು ಆಧರಿಸಿದ ರಚನೆಯೆಂಬ ಉಲ್ಲೇಖ ಮೊದಲಿನಿಂದಲೂ ಇತ್ತು. ಅಂದರೆ ಶೈಲಿಗೆ ಗೌರವ ಸಂದಿತ್ತು, ವ್ಯಕ್ತಿಗಳಿಗೆ ಸಂದಿರಲಿಲ್ಲ. ಉಸ್ತಾದ್ ಫಯಾಜ್ ವಾಸಿಫುದ್ದೀನ್ ಡಾಗರ್ ಅವರ ವಾದವೆಂದರೆ, ಹಾಡು ಆಧರಿಸಿರುವುದು ಇಡೀ ಸಂಪ್ರದಾಯವನ್ನಲ್ಲ, ತಮ್ಮ ತಂದೆ ನಾಸಿರ್ ಫಯಾಜುದ್ದೀನ್ ಮತ್ತು ದೊಡ್ಡಪ್ಪ ಜಹೀರುದ್ದೀನ್ ಡಾಗರ್ 1970ರ ದಶಕದಲ್ಲಿ ಅಡಾಣಾ ರಾಗದಲ್ಲಿ ರಚಿಸಿದ ‘ಶಿವ ಸ್ತುತಿ’ಯನ್ನು. ರಾಗ, ತಾಳ, ಗಾಯನಪದ್ಧತಿ ಎಲ್ಲರಿಗೂ ಸೇರಿದ್ದು, ಆದರೆ ಅವುಗಳೊಳಗೆ ಸ್ವರಗಳನ್ನು ಪೋಣಿಸಿದ ಒಂದು ನಿರ್ದಿಷ್ಟ ಬಂದಿಶ್ ರಚನಕಾರನದು ಎಂಬ ಭೇದವನ್ನು ಆಧರಿಸಿ ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ 2025ರ ಏಪ್ರಿಲ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿ, ಇಬ್ಬರು ಉಸ್ತಾದರ ಹೆಸರನ್ನು ಹಾಕಬೇಕೆಂದೂ 2 ಕೋಟಿ ರೂಪಾಯಿ ಠೇವಣಿ ಇಡಬೇಕೆಂದೂ ಹೇಳಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ರದ್ದುಪಡಿಸಿತು. ಹಾಡಿದವರೇ ರಚಿಸಿದವರೆಂದು ಮೇಲ್ನೋಟಕ್ಕೆ ಭಾವಿಸುವುದು ತತ್ತ್ವತಃ ತಪ್ಪು, ರಚನಕಾರರು ಅವರೇ ಎಂಬುದಕ್ಕೆ ಬೇರೆ ಆಧಾರ ಬೇಕು ಎಂಬುದು ಅದರ ಮುಖ್ಯ ಕಾರಣ. ಉಲ್ಲಂಘನೆಯ ಪ್ರಶ್ನೆಯ ಒಳಹೊಕ್ಕು ನೋಡುವ ಅಗತ್ಯ ಆ ಪೀಠಕ್ಕೆ ಬೀಳಲಿಲ್ಲ.

ಮೌಖಿಕ ಪರಂಪರೆಗಳ ಸಂಕಟ ಇಲ್ಲಿ ಬಯಲಾಗುತ್ತದೆ. ಗುರುಮುಖೇನ ಕಲಿಯುವ ಸಂಗೀತದಲ್ಲಿ ಹೊಸ ರಚನೆಯೂ ಹಳೆಯದರ ಮೈಬಣ್ಣದಲ್ಲೇ ಹುಟ್ಟುತ್ತದೆ, ರಚನಕಾರ ಅದನ್ನು ತನ್ನದೆಂದು ಹೇಳಿಕೊಳ್ಳಲು ಸಂಕೋಚಪಡುತ್ತಾನೆ, ಕೊನೆಗೆ ಘರಾನಾದ ಹೆಸರೇ ಉಳಿಯುತ್ತದೆ. 1994ರ ತಿದ್ದುಪಡಿಗೆ ಮೊದಲು ಭಾರತದಲ್ಲಿ ಸಂಗೀತಕೃತಿಯೆಂದರೆ ಮುದ್ರಿತವಾದ ಅಥವಾ ಬರಹಕ್ಕಿಳಿದ ಸಂಗೀತ ಮಾತ್ರವಾಗಿತ್ತು. ತಿದ್ದುಪಡಿ ಆ ಕಟ್ಟನ್ನು ಸಡಿಲಿಸಿತಾದರೂ ಪುರಾವೆಯ ಕಷ್ಟವನ್ನು ಸಡಿಲಿಸಲಿಲ್ಲ. ‘ಕಾಂತಾರ’ ಚಿತ್ರದ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ ಹಾಡಿನ ನಕಲೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ 2022ರಲ್ಲಿ ನ್ಯಾಯಾಲಯಕ್ಕೆ ಹೋದಾಗಲೂ ರಾಗ ಒಂದೇ ಆದ್ದರಿಂದ ಹೋಲಿಕೆ ಸಹಜವೆಂಬ ಸಮರ್ಥನೆ ಕೇಳಿಬಂದಿತ್ತು. ಅದು ಗೌರವಾನುಕರಣೆಯ ಪ್ರಕರಣವಲ್ಲ. ಆದರೂ ರಾಗದ ಸಾಮ್ಯ ಎಲ್ಲಿ ಮುಗಿದು ರಚನೆಯ ಸಾಮ್ಯ ಎಲ್ಲಿ ಶುರುವಾಗುತ್ತದೆಂದು ಹೇಳಬಲ್ಲ ಸಂಗೀತಜ್ಞರ ಸಾಕ್ಷ್ಯಕ್ಕೆ ನಮ್ಮ ನ್ಯಾಯಾಲಯಗಳಲ್ಲಿ ಇನ್ನೂ ಗಟ್ಟಿಯಾದ ಪದ್ಧತಿ ಬೆಳೆದಿಲ್ಲವೆಂಬುದನ್ನು ಅದೂ ನೆನಪಿಸಿತು.

ಕರ್ನಾಟಕದ ಮಟ್ಟಿಗೆ ಅತ್ಯಂತ ಮಹತ್ವದ ಪ್ರಕರಣ ಯಕ್ಷಗಾನದ್ದು. ಶಿವರಾಮ ಕಾರಂತರು ಸಾಂಪ್ರದಾಯಿಕ ಬಯಲಾಟದ ಹಿಮ್ಮೇಳ, ವೇಷಭೂಷಣ, ಕುಣಿತ ಮತ್ತು ರಂಗವಿನ್ಯಾಸಗಳನ್ನು ತಿದ್ದಿ, ಮಾತಿನ ಭಾಗವನ್ನು ಕೈಬಿಟ್ಟು, ಭಾಷೆ ತಿಳಿಯದವರಿಗೂ ಮುಟ್ಟುವಂಥ ನೃತ್ಯರೂಪಕಗಳನ್ನು ಯಕ್ಷರಂಗವೆಂಬ ಹೆಸರಿನಲ್ಲಿ ರೂಪಿಸಿದ್ದರು. ಅವರು 1997ರ ಡಿಸೆಂಬರ್‌ನಲ್ಲಿ ತೀರಿಕೊಂಡರು; 1994ರ ಉಯಿಲಿನ ಮೂಲಕ ಹಕ್ಕುಗಳು ಬಹುಕಾಲ ಅವರ ಬರವಣಿಗೆಯ ಕೆಲಸದಲ್ಲಿ ನೆರವಾಗಿದ್ದ ಮಾಲಿನಿ ಮಲ್ಯ ಅವರಿಗೆ ಬಂದವು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಕಾರಂತರ ರೀತಿಯಲ್ಲೇ ಆಡಿಸಿದಾಗ ಅವರು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಕಾರಂತರು ತನ್ನ ಆಶ್ರಯದಲ್ಲಿ, ತನ್ನ ಕೇಂದ್ರದ ನಿರ್ದೇಶಕರಾಗಿ ಈ ಕೆಲಸ ಮಾಡಿದರು, ಆದ್ದರಿಂದ ಸ್ವಾಮ್ಯ ತನ್ನದು ಎಂದು ಸಂಸ್ಥೆ ವಾದಿಸಿತು. ಆ ವಾದ ಕೆಳ ನ್ಯಾಯಾಲಯದಲ್ಲಾಗಲಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಾಗಲಿ ನಿಲ್ಲಲಿಲ್ಲ.

2009ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಎರಡು ಕಾರಣಗಳಿಂದ ಗಮನಾರ್ಹ. ನೃತ್ಯರೂಪಕವು ಸಾಹಿತ್ಯಕೃತಿಯಲ್ಲ, ನಾಟಕಕೃತಿ ಎಂದು ಅದು ಸ್ಪಷ್ಟಪಡಿಸಿತು. ಆದ್ದರಿಂದ ಪುಸ್ತಕಗಳ ಸ್ವಾಮ್ಯವನ್ನು ಕೊಡುವ ಉಯಿಲಿನ ಕಂಡಿಕೆಗೆ ಅದು ಒಳಪಡದಿದ್ದರೂ, ಉಳಿದ ಆಸ್ತಿಯನ್ನೆಲ್ಲ ಕೊಡುವ ಕಂಡಿಕೆಯ ಮೂಲಕ ಮಾಲಿನಿ ಮಲ್ಯ ಅವರಿಗೇ ಸಲ್ಲುತ್ತದೆಂದು ಹೇಳಿತು. ಕಾನೂನಿನ ವ್ಯಾಖ್ಯೆಯ ಪ್ರಕಾರ ನಾಟಕಕೃತಿಯಲ್ಲಿ ನೃತ್ಯಸಂಯೋಜನೆಯೂ ಸೇರುತ್ತದೆ, ಆದರೆ ಅದರ ರಂಗವಿನ್ಯಾಸ ಅಥವಾ ಅಭಿನಯರೂಪ ಬರಹದಲ್ಲಿಯೋ ಬೇರಾವುದಾದರೂ ರೀತಿಯಲ್ಲಿಯೋ ಸ್ಥಿರಗೊಂಡಿರಬೇಕು. ಇನ್ನೊಂದು ಕಡೆ, 52ನೆಯ ಸೆಕ್ಷನ್ನಿನ ವಿನಾಯಿತಿಗಳು ಎಲ್ಲರಂತೆ ಈ ಸಂಸ್ಥೆಗೂ ಅನ್ವಯಿಸುತ್ತವೆಂದು ಡಿಕ್ರಿಯನ್ನು ಅದು ತಿದ್ದಿತು: ಶಿಕ್ಷಣಸಂಸ್ಥೆಯ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಆಡಿದರೆ, ಅಥವಾ ಹವ್ಯಾಸಿ ತಂಡ ಹಣ ಕೊಡದ ಪ್ರೇಕ್ಷಕರ ಮುಂದೆ ಆಡಿದರೆ, ಅದು ಉಲ್ಲಂಘನೆಯಾಗುವುದಿಲ್ಲ. ತೀರ್ಪು ಮುಟ್ಟದೆ ಬಿಟ್ಟದ್ದೂ ಒಂದಿದೆ. ಕಾರಂತರ ಪ್ರಸಂಗಗಳನ್ನು ಆಡದೆ, ಅವರ ಬಣ್ಣಗಾರಿಕೆಯನ್ನೂ ಕುಣಿತದ ಲಯವನ್ನೂ ಮಾತ್ರ ಅನುಸರಿಸಿ ಹೊಸ ಪ್ರಸಂಗವೊಂದನ್ನು ಅವರ ನೆನಪಿಗೆ ಅರ್ಪಿಸಿದರೆ ಏನಾಗುತ್ತದೆ? ವ್ಯಾಖ್ಯೆಯನ್ನು ಅಕ್ಷರಶಃ ಓದಿದರೆ ಏನೂ ಆಗಬಾರದು. ಅಲ್ಲದೆ ಕಾರಂತರು ತಿದ್ದಿದ್ದು ಶತಮಾನಗಳಿಂದ ಮೇಳಗಳು ಕಟ್ಟಿಕೊಂಡು ಬಂದ ಕಲೆಯನ್ನಾದ್ದರಿಂದ ಅದಕ್ಕೆ ಬೇಲಿ ಹಾಕುವುದು ಅವರ ಕೆಲಸದ ಸ್ವಭಾವಕ್ಕೇ ವಿರುದ್ಧವಾಗುತ್ತದೆ.

ಕಂಠದ ಅನುಕರಣೆಯದು ಬೇರೆಯೇ ದಾರಿ. ಬೆಟ್ ಮಿಡ್ಲರ್ ಜಾಹೀರಾತಿಗೆ ಹಾಡಲು ಒಪ್ಪದಿದ್ದಾಗ ಫೋರ್ಡ್ ಕಂಪನಿಯ ಜಾಹೀರಾತುದಾರರು ಅವರ ಹಿನ್ನೆಲೆ ಗಾಯಕಿಯಿಂದಲೇ ಅವರಂತೆ ಹಾಡಿಸಿದರು; 1988ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಕಂಠಕ್ಕೆ ಕೃತಿಸ್ವಾಮ್ಯವಿಲ್ಲದಿದ್ದರೂ ಪ್ರಸಿದ್ಧ ಗಾಯಕಿಯ ಕಂಠವನ್ನು ಸರಕು ಮಾರಲು ಅನುಕರಿಸುವುದು ಅವರ ವ್ಯಕ್ತಿತ್ವವನ್ನೇ ಕದ್ದಂತೆ ಎಂದಿತು. 1992ರಲ್ಲಿ ಟಾಮ್ ವೇಟ್ಸ್ ಪ್ರಕರಣದಲ್ಲೂ ಇದೇ ತತ್ತ್ವ ನಿಂತಿತು. 2024ರ ಜುಲೈನಲ್ಲಿ ಬಾಂಬೆ ಉಚ್ಚ ನ್ಯಾಯಾಲಯ ಅರಿಜಿತ್ ಸಿಂಗ್ ಅವರ ಕಂಠವನ್ನು ಕೃತಕ ಬುದ್ಧಿಮತ್ತೆಯಿಂದ ನಕಲು ಮಾಡುವುದಕ್ಕೆ ಮಧ್ಯಂತರ ತಡೆ ಕೊಟ್ಟಿದ್ದೂ ವ್ಯಕ್ತಿತ್ವದ ಹಕ್ಕಿನ ನೆಲೆಯಲ್ಲೇ. ಗಣೇಶೋತ್ಸವದ ವಾದ್ಯಗೋಷ್ಠಿಯಲ್ಲಿ ಜೂನಿಯರ್ ರಾಜ್‌ಕುಮಾರ್ ಆಗಿ ಕುಣಿಯುವವರಿಗೂ ಈ ಕಂಪನಿಗಳಿಗೂ ಇರುವ ಅಂತರ ಸ್ಪಷ್ಟ: ಮೊದಲನೆಯವರು ಅಸಲಿಯೆಂದು ಯಾರೂ ನಂಬುವುದಿಲ್ಲ, ನಂಬಿಸುವ ಉದ್ದೇಶವೂ ಅವರಿಗಿಲ್ಲ.

ಇನ್ನು ವಿನಾಯಿತಿಗಳ ವಿಷಯ. ಅಣಕವೆಂದರೆ ಮೂಲವನ್ನು ಗೇಲಿ ಮಾಡುವ ಅನುಕರಣೆ. ಪ್ಯಾಸ್ಟೀಶ್ ಎಂದು ಯುರೋಪಿನವರು ಕರೆಯುವುದು ಗೇಲಿಯಿಲ್ಲದ, ಬಹಿರಂಗವಾದ ಶೈಲಿಯ ಅನುಕರಣೆ, ಅಂದರೆ ಗೌರವಾನುಕರಣೆಯ ಹತ್ತಿರದ ಬಂಧು. ಯುರೋಪಿಯನ್ ಒಕ್ಕೂಟದ 2001ರ ನಿರ್ದೇಶನ ಎರಡಕ್ಕೂ ವಿನಾಯಿತಿ ಕೊಡಲು ಸದಸ್ಯ ದೇಶಗಳಿಗೆ ಅವಕಾಶ ಮಾಡಿಕೊಟ್ಟಿತು. ಬ್ರಿಟನ್ 2014ರಲ್ಲಿ, ಜರ್ಮನಿ 2021ರಲ್ಲಿ ಅದನ್ನು ತಮ್ಮ ಕಾನೂನಿಗೆ ಸೇರಿಸಿಕೊಂಡವು. ಅಮೆರಿಕದ ನ್ಯಾಯಯುತ ಬಳಕೆಯ ತತ್ತ್ವ ಅಣಕಕ್ಕೆ ತೋರಿಸುವಷ್ಟು ಔದಾರ್ಯವನ್ನು ಮೆಚ್ಚುಗೆಗೆ ತೋರಿಸುವುದಿಲ್ಲ, ಬೈದವನಿಗೆ ಇರುವ ರಕ್ಷಣೆ ಹೊಗಳಿದವನಿಗಿಲ್ಲ. ಭಾರತದ 52ನೆಯ ಸೆಕ್ಷನ್ ಖಾಸಗಿ ಬಳಕೆ, ವಿಮರ್ಶೆ ಮತ್ತು ವರ್ತಮಾನದ ವರದಿಗಳಿಗೆ ನ್ಯಾಯಯುತ ಬಳಕೆಯ ಅವಕಾಶ ಕೊಟ್ಟಿದೆ, ಆದರೆ ಅಣಕವನ್ನಾಗಲಿ ಪ್ಯಾಸ್ಟೀಶನ್ನಾಗಲಿ ಹೆಸರಿಸಿಲ್ಲ. ತೋಪ್ಪಿಲ್ ಭಾಸಿ ಅವರ ಪ್ರಸಿದ್ಧ ನಾಟಕಕ್ಕೆ ಸಿವಿಕ್ ಚಂದ್ರನ್ ಬರೆದ ಪ್ರತಿನಾಟಕವನ್ನು ಕೇರಳ ಉಚ್ಚ ನ್ಯಾಯಾಲಯ 1996ರಲ್ಲಿ ರಕ್ಷಿಸಿದ್ದು ಕೂಡ ಅದನ್ನು ವಿಮರ್ಶೆಯೆಂದು ಪರಿಗಣಿಸಿಯೇ. ಮೂಲವನ್ನು ಟೀಕಿಸದೆ ಬರಿಯ ಪ್ರೀತಿಯಿಂದ ಅನುಕರಿಸಿದವರಿಗೆ ಆ ತೀರ್ಪಿನಲ್ಲಿ ಆಸರೆ ಸಿಗುವುದು ಅನುಮಾನ.

2025ರ ಮಾರ್ಚ್‌ನಲ್ಲಿ ಓಪನ್‌ಎಐ ಕಂಪನಿಯ ಹೊಸ ಚಿತ್ರರಚನಾ ಸೌಲಭ್ಯ ಬಂದಾಗ ಲಕ್ಷಾಂತರ ಜನ ತಮ್ಮ ಫೋಟೋಗಳನ್ನು ಜಪಾನಿನ ಸ್ಟುಡಿಯೊ ಘಿಬ್ಲಿಯ ಶೈಲಿಗೆ ತಿರುಗಿಸಿ ಹಂಚಿಕೊಂಡರು. ಹಾಗೆ ಮಾಡಿದವರಲ್ಲಿ ಬಹಳಷ್ಟು ಮಂದಿ ಆ ಸ್ಟುಡಿಯೊದ ನಿರ್ದೇಶಕ ಮಿಯಾಜಾಕಿಯ ಅಭಿಮಾನಿಗಳೇ. ಶೈಲಿಗೆ ಸ್ವಾಮ್ಯವಿಲ್ಲವೆಂಬ ನಿಯಮ ಮನುಷ್ಯನ ಕೈಯ ಮಿತಿಯನ್ನು ಒಳಗೊಳಗೇ ಊಹಿಸಿಕೊಂಡಿತ್ತು: ಒಬ್ಬರ ಶೈಲಿಯನ್ನು ಕಲಿಯಲು ವರ್ಷಗಟ್ಟಲೆ ಬೇಕು, ಕಲಿಯುವಷ್ಟರಲ್ಲಿ ಕಲಿತವನ ಗುಣವೂ ಅದರಲ್ಲಿ ಬೆರೆಯುತ್ತದೆ. ಯಂತ್ರಕ್ಕೆ ಈ ಮಿತಿಯಿಲ್ಲ. ಹಾಗೆಂದು ಶೈಲಿಗೇ ಸ್ವಾಮ್ಯ ಕೊಡಬೇಕೆಂಬ ಕೂಗಿಗೆ ಕಿವಿಗೊಡುವುದು ಅಪಾಯಕಾರಿ, ಏಕೆಂದರೆ ಅದರ ಲಾಭ ಹೋಗುವುದು ಕಲಾವಿದರಿಗಲ್ಲ, ಹಕ್ಕುಗಳನ್ನು ಸಗಟಾಗಿ ಕೊಂಡಿಟ್ಟುಕೊಂಡ ಕಂಪನಿಗಳಿಗೆ. ಫಾಗರ್ಟಿಯ ಪ್ರಕರಣವೇ ಅದಕ್ಕೆ ಸಾಕ್ಷಿ. ಯಂತ್ರದ ತರಬೇತಿಗಾಗಿ ಇಡಿಯಾದ ಕೃತಿಗಳನ್ನು ಅನುಮತಿಯಿಲ್ಲದೆ ನಕಲು ಮಾಡಿಕೊಂಡದ್ದೇ ಅಲ್ಲಿ ಪ್ರಶ್ನಿಸಬೇಕಾದ ಕ್ರಿಯೆ, ಹೊರಬಂದ ಚಿತ್ರದ ಮೈಬಣ್ಣವಲ್ಲ.

ಭಾರತದ ಕಾನೂನಿಗೆ ಬೇಕಾದ ತಿದ್ದುಪಡಿ ದೊಡ್ಡದೇನಲ್ಲ. 52ನೆಯ ಸೆಕ್ಷನ್ನಿನಲ್ಲಿ ಅಣಕ ಮತ್ತು ಪ್ಯಾಸ್ಟೀಶ್‌ಗಳನ್ನು ಹೆಸರಿಸಿದರೆ, ಮತ್ತು ಮಾದರಿಯ ಹೆಸರನ್ನು ಹೇಳಿದ ಮಾತ್ರಕ್ಕೆ ಅದು ನಕಲಿನ ಒಪ್ಪಿಗೆಯಾಗುವುದಿಲ್ಲವೆಂದು ಒಂದು ವಾಕ್ಯ ಸೇರಿಸಿದರೆ, ಪ್ರಾಮಾಣಿಕರ ಮೇಲಿನ ದಂಡ ತಪ್ಪುತ್ತದೆ. ಕಲಾಸಂಸ್ಥೆಗಳು ಮಾಡಬೇಕಾದ ಕೆಲಸವೂ ಒಂದಿದೆ, ಅದಕ್ಕೆ ಸಂಸತ್ತನ್ನು ಕಾಯಬೇಕಾಗಿಲ್ಲ. ಯಕ್ಷಗಾನ ಮೇಳಗಳು, ಸಂಗೀತ ಶಾಲೆಗಳು ಮತ್ತು ರಂಗತಂಡಗಳು ತಮ್ಮಲ್ಲಿ ಹುಟ್ಟಿದ ಹೊಸ ರಚನೆ ಯಾರದು, ಯಾವ ವರ್ಷದ್ದು, ಅದರಲ್ಲಿ ಪರಂಪರೆಯ ಪಾಲೆಷ್ಟು, ವ್ಯಕ್ತಿಯ ಪಾಲೆಷ್ಟು ಎಂಬುದನ್ನು ರಚನಕಾರರು ಬದುಕಿರುವಾಗಲೇ ಬರೆದಿಡಬೇಕು, ಸಾಧ್ಯವಾದರೆ ಧ್ವನಿಮುದ್ರಿಸಿ ಇಡಬೇಕು. ಕಾರಂತರ ರಂಗಕೃತಿಗಳ ಸ್ವಾಮ್ಯದ ಅವಧಿ 2057ರ ಕೊನೆಯವರೆಗೆ ಇದೆ.